ಬೆಕ್ಕಿಗೆ ಹಾರ್ನೆಸ್ ತೊಡಿಸಿ ಹೊರಗೆ ಕರೆದೊಯ್ಯುವುದು: ಬೆದರುವ ಎರಡು ಕ್ಷಣಕ್ಕೆ ಬೇಕಾದ ತಯಾರಿ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಕ್ಕಿಗೆ ಬೆಲ್ಟ್ ಹಾಕಿಕೊಂಡು ಕೆಳಗಿಳಿಯುವವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಫೋಟೊ ತೆಗೆದುಕೊಳ್ಳುತ್ತಾರೆ, ಕೊನೆಗೆ ‘ನಮ್ಮನೆ ಬೆಕ್ಕಿಗೂ ಅಭ್ಯಾಸ ಆಗುತ್ತಾ?’ ಅಂತ ಕೇಳುತ್ತಾರೆ. ಬಹಳಷ್ಟು ಬೆಕ್ಕುಗಳಿಗೆ ಆಗುತ್ತದೆ. ಆದರೆ ಹಾರ್ನೆಸ್, ಅಂದರೆ ಕುತ್ತಿಗೆ ಎದೆ ಬಳಸಿ ಮೈಗೆ ತೊಡಿಸುವ ಪಟ್ಟಿ, ತಂದ ದಿನವೇ ತೊಡಿಸಿ, ಲಿಫ್ಟಿನಲ್ಲಿ ಇಳಿಸಿ, ಗೇಟಿನ ಹತ್ತಿರ ಬಿಟ್ಟರೆ ಆಗುವುದಿಲ್ಲ.

ಬೆಕ್ಕಿನ ಜೊತೆ ಅರ್ಧ ಗಂಟೆ ಹೊರಗಿದ್ದರೆ ಬಹುಪಾಲು ಹೊತ್ತು ಏನೂ ನಡೆಯುವುದಿಲ್ಲ. ಅದು ಕುಂಡದ ಬುಡ ಮೂಸುತ್ತದೆ, ನಾಲ್ಕು ಹೆಜ್ಜೆ ಇಡುತ್ತದೆ, ಕೂತುಬಿಡುತ್ತದೆ. ಅಪಾಯವೆಲ್ಲ ಇರುವುದು ಬೆದರುವ ಎರಡು ಕ್ಷಣದಲ್ಲಿ: ಪಕ್ಕದಲ್ಲೇ ಬುಲೆಟ್ ಸ್ಟಾರ್ಟ್ ಆದಾಗ, ಕಾರಿನ ಮರೆಯಿಂದ ನಾಯಿ ಎದ್ದು ಬಂದಾಗ. ಆಗ ಹಾರ್ನೆಸ್ ಕಳಚಬಾರದು. ಓಡಿಹೋಗಿ ಅಡಗಲು ಬೆಕ್ಕಿಗೆ ಗೊತ್ತಿರುವ ಒಂದು ಜಾಗ ಹತ್ತಿರದಲ್ಲೇ ಇರಬೇಕು. ಏನು ಮಾಡಬೇಕೆಂದು ನಿಮ್ಮ ಕೈಗೆ ಮೊದಲೇ ಗೊತ್ತಿರಬೇಕು. ಮುಂದೆ ಹೇಳುವುದರಲ್ಲಿ ಹೆಚ್ಚಿನದೆಲ್ಲ ಈ ಮೂರಕ್ಕೆ ಸಂಬಂಧಿಸಿದ್ದೇ.

ನಿಮ್ಮ ಬೆಕ್ಕಿಗೆ ಇದು ಬೇಕೇ?

ಕಿಟಕಿಯಲ್ಲಿ ಕೂತು ಹೊರಗೆ ನೋಡುತ್ತಾ ಹಲ್ಲು ಕಟಕಟ ಎನಿಸುವ, ಬಾಗಿಲು ತೆರೆದರೆ ನುಸುಳಲು ಹೊಂಚು ಹಾಕುವ, ಮನೆಗೆ ನೆಂಟರು ಬಂದರೆ ಮೂಸಿ ವಿಚಾರಿಸುವ ಬೆಕ್ಕು ಇದಕ್ಕೆ ಒಗ್ಗುತ್ತದೆ. ಕಾಲಿಂಗ್ ಬೆಲ್ ಕೇಳಿದ ಕೂಡಲೇ ಮಂಚದ ಕೆಳಗೆ ಸೇರಿ ರಾತ್ರಿವರೆಗೆ ಹೊರಬಾರದ ಬೆಕ್ಕನ್ನು ರೂಢಿ ಮಾಡಿಸುತ್ತೇನೆಂದು ಎಳೆದೊಯ್ಯಬೇಡಿ. ಧೈರ್ಯ ಬರುವುದಿಲ್ಲ, ನಿಮ್ಮ ಮೇಲಿದ್ದ ನಂಬಿಕೆಯೂ ಹೋಗುತ್ತದೆ. ಮನುಷ್ಯರಿಗೆ, ಸದ್ದಿಗೆ, ಹೊಸ ವಾಸನೆಗೆ ಬೆಕ್ಕು ಸಲೀಸಾಗಿ ಒಗ್ಗಿಕೊಳ್ಳುವ ಕಾಲ ಮರಿಯಾಗಿದ್ದಾಗಿನ ಎರಡರಿಂದ ಏಳನೇ ವಾರ. ಆಗ ಬೀದಿಯಲ್ಲಿ ಹೆದರಿ ಬೆಳೆದದ್ದು ದೊಡ್ಡದಾದ ಮೇಲೂ ಕೊಂಚ ಹೆದರುತ್ತಲೇ ಇರುತ್ತದೆ. ಅದು ತಪ್ಪಲ್ಲ, ಸ್ವಭಾವ.

ಪರ್ಷಿಯನ್ ಸಾಕಿದವರಿಗೆ ಒಂದು ಕಿವಿಮಾತು. ಚಪ್ಪಟೆ ಮೂತಿಯ ಬೆಕ್ಕುಗಳಿಗೆ ಉಸಿರಾಟವೇ ಕಷ್ಟ, ಮೇಲೆ ಕಂಬಳಿಯಂಥ ಕೂದಲು. ಮಾರ್ಚ್‌ನಿಂದ ಮೇವರೆಗೆ ಅವುಗಳನ್ನು ಬಿಸಿಲು ಹತ್ತುವ ಮೊದಲೇ ಮನೆ ಸೇರಿಸಿ. ಯಾವ ಬೆಕ್ಕೇ ಆಗಲಿ, ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ‘ಸುಸ್ತಾಗಿದೆ ಪಾಪ’ ಎನ್ನುವ ಮಾತಲ್ಲ ಅದು. ತಕ್ಷಣ ನೆರಳಿಗೆ ಒಯ್ಯಿರಿ, ಮನೆಗೆ ಬಂದ ಮೇಲೂ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೊರಡಿ.

ಪಶುವೈದ್ಯರ ಬಳಿ ಮುಗಿಸಬೇಕಾದ್ದು

ಲಸಿಕೆ ಪೂರ್ತಿಯಾಗದೆ ನೆಲಕ್ಕೆ ಇಳಿಸಬೇಡಿ. ಒಂದು, ರೇಬೀಸ್ ಲಸಿಕೆ. ಇನ್ನೊಂದು, ನಮ್ಮಲ್ಲಿ ಟ್ರೈಕ್ಯಾಟ್ ಎಂದೇ ಕರೆಯುವ, ಮೂರು ವೈರಸ್ ರೋಗಗಳ ವಿರುದ್ಧದ ಲಸಿಕೆ. ಮರಿಗಳಿಗೆ ಇದನ್ನು ಆರರಿಂದ ಎಂಟನೇ ವಾರದಲ್ಲಿ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ ಸುಮಾರು ಹದಿನಾರನೇ ವಾರಕ್ಕೆ ಮುಗಿಸುತ್ತಾರೆ. ಈ ಮೂರರಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಮರಿಗಳ ಪಾಲಿಗೆ ಯಮ. ಅದರ ವೈರಸ್ ಮಣ್ಣಿನಲ್ಲಿ, ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತದೆ. ಬೀದಿಬೆಕ್ಕು ಓಡಾಡಿದ ಮೂಲೆಯನ್ನು ನಿಮ್ಮ ಬೆಕ್ಕು ಮೂಸಿದರೂ ಸಾಕು.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಬೇಕು. ಆಗದ ಗಂಡುಬೆಕ್ಕು ಹೊರಗಿನ ವಾಸನೆ ಕಂಡರೆ ಲೀಶ್ (ಹಾರ್ನೆಸ್‌ಗೆ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಹಗ್ಗ) ಕಿತ್ತು ಹೋಗಲು ನೋಡುತ್ತದೆ. ಹೆಣ್ಣಿನ ವಿಷಯವಂತೂ ಹೇಳಬೇಕಿಲ್ಲ, ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತವೆ.

ಚಿಗಟ ಮತ್ತು ಉಣ್ಣೆಗೆ ಹಚ್ಚುವ ಔಷಧದ ವಿಷಯದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಬೇಡ. ನಾಯಿಗೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ನಾಯಿಗೆ ಸರಿ, ಬೆಕ್ಕಿಗೆ ವಿಷ: ಮೈ ನಡುಗಿ, ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಮನೆಯಲ್ಲಿ ಎರಡೂ ಇದ್ದರೆ, ‘ನಾಯಿಗೆ ತಂದದ್ದೇ ಒಂದು ಹನಿ ಇದಕ್ಕೂ’ ಎನ್ನುವ ಉಳಿತಾಯ ಬೇಡವೇ ಬೇಡ. ಡಬ್ಬಿಯ ಮೇಲೆ ಬೆಕ್ಕಿನ ಚಿತ್ರ, ಬೆಕ್ಕಿನ ತೂಕ ಎರಡೂ ಇರಬೇಕು.

ಮೈಕ್ರೋಚಿಪ್ ಹಾಕಿಸಿದರೆ ಒಳ್ಳೆಯದು. ಅಕ್ಕಿಕಾಳಿನಷ್ಟು ಚಿಪ್, ಅದರಲ್ಲಿ ಹದಿನೈದು ಅಂಕಿಯ ಒಂದು ಸಂಖ್ಯೆ. ಅದು ಜಿಪಿಎಸ್ ಅಲ್ಲ, ಬೆಕ್ಕು ಎಲ್ಲಿದೆಯೆಂದು ತೋರಿಸುವುದಿಲ್ಲ. ಓದುವ ಯಂತ್ರ ಎಲ್ಲ ಕ್ಲಿನಿಕ್ಕುಗಳಲ್ಲಿ ಇರುವುದೂ ಇಲ್ಲ. ಹಾಗಾಗಿ ನಿಮ್ಮ ಮೊಬೈಲ್ ನಂಬರ್ ಬರೆದ ಪುಟ್ಟ ಬಿಲ್ಲೆಯೇ ನಮ್ಮ ಊರುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು. ಅದನ್ನು ಎಳೆದರೆ ತಾನೇ ಬಿಚ್ಚಿಕೊಳ್ಳುವ ಕುತ್ತಿಗೆಪಟ್ಟಿಗೆ ಕಟ್ಟಿ.

ಹಾರ್ನೆಸ್: ಇಲ್ಲಿ ಜಿಪುಣತನ ಬೇಡ

ಲೀಶನ್ನು ಕುತ್ತಿಗೆಪಟ್ಟಿಗೆ ಎಂದೂ ಸಿಕ್ಕಿಸಬೇಡಿ. ಬೆದರಿ ಹಾರಿದ ಬೆಕ್ಕಿನ ಪೂರ್ತಿ ಭಾರ ಗಂಟಲ ಮೇಲೆ ಬೀಳುತ್ತದೆ.

ಹಾರ್ನೆಸ್ ಆರಿಸುವ ಮೊದಲು ಬೆಕ್ಕಿನ ಮೈಕಟ್ಟು ಅರ್ಥಮಾಡಿಕೊಳ್ಳಬೇಕು. ನಮ್ಮ ಕಾಲರ್‌ಬೋನ್ ಎದೆಗೂಡಿಗೂ ಭುಜಕ್ಕೂ ಗಟ್ಟಿಯಾಗಿ ಕೂಡಿಕೊಂಡಿದೆ. ಬೆಕ್ಕಿನದು ಹಾಗಲ್ಲ, ಪುಟ್ಟದೊಂದು ಮೂಳೆ ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ಮುಂಗಾಲುಗಳು ದೇಹಕ್ಕೆ ಅಂಟಿರುವುದೇ ಸ್ನಾಯುಗಳಿಂದ. ಹಾಗಾಗಿ ತಲೆ ತೂರುವ ಕಡೆ ಭುಜವನ್ನು ಮಡಚಿ ಮೈಯನ್ನೂ ತೂರಿಸುತ್ತದೆ. ಹಾರ್ನೆಸ್‌ನಿಂದ ಬೆಕ್ಕು ತಪ್ಪಿಸಿಕೊಳ್ಳುವುದು ಮುಂದಕ್ಕೆ ಜಗ್ಗಿ ಅಲ್ಲ, ಹಿಂದಕ್ಕೆ ಸರಿದು. ಲೀಶ್ ಬಿಗಿಯಾದಾಗ ತಲೆ ತಗ್ಗಿಸಿ, ಎರಡೂ ಮೊಣಕೈಯನ್ನು ಮೈಗೆ ಒತ್ತಿಕೊಂಡು ಹಿಂದೆ ಹಿಂದೆ ಹೋಗುತ್ತದೆ. ಎದೆಪಟ್ಟಿ ಮೊಣಕೈ ದಾಟಿತೋ, ಮುಗಿಯಿತು.

ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ತೆಳು ಪಟ್ಟಿಗಳದ್ದು, ಕುತ್ತಿಗೆಗೊಂದು ಎದೆಗೊಂದು ಬಳೆ, ಬೆನ್ನ ಮೇಲೆ ಅವನ್ನು ಸೇರಿಸುವ ಪಟ್ಟಿ. ಇನ್ನೊಂದು ಅಂಗಿಯಂಥದ್ದು, ಮೆತ್ತನೆ ಬಟ್ಟೆಯ ಜಾಕೆಟ್. ಪಟ್ಟಿಯದು ಹಗುರ, ಸೆಕೆಯಾಗುವುದಿಲ್ಲ, ಅಳತೆ ಸರಿಯಾಗಿ ಹೊಂದಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಜಾಕೆಟ್ ಮೈಯನ್ನು ಹೆಚ್ಚು ಸುತ್ತುತ್ತದೆ, ಎಳೆತ ಒಂದೇ ಕಡೆ ಬೀಳುವುದಿಲ್ಲ. ಆದರೆ ಬರೀ ವೆಲ್ಕ್ರೋ ಇರುವ ಜಾಕೆಟ್ ಕೊಳ್ಳಬೇಡಿ, ಮೇಲೊಂದು ಬಕಲ್ ಇರಲೇಬೇಕು. ಕೂದಲು, ದೂಳು ಸೇರಿ ವೆಲ್ಕ್ರೋ ಕೆಲವೇ ತಿಂಗಳಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ನನ್ನ ಆಯ್ಕೆ: ಕರಾವಳಿಯಲ್ಲೋ ಬಳ್ಳಾರಿ ಕಲಬುರಗಿಯಂಥ ಬಿಸಿಲಿನ ಊರಲ್ಲೋ ಇದ್ದರೆ ಪಟ್ಟಿಯದು, ಬೆಂಗಳೂರು ಮೈಸೂರಿನ ಹವೆಗೆ ಜಾಕೆಟ್. ಸಣ್ಣ ನಾಯಿಮರಿಯ ಹಾರ್ನೆಸ್‌ನಲ್ಲೇ ಸುಧಾರಿಸುತ್ತೇನೆ ಎನ್ನಬೇಡಿ. ನಾಯಿಯ ಎದೆ ಆಳ, ಬೆಕ್ಕಿನದು ಕಿರಿದು, ಅದು ನಿಲ್ಲುವುದಿಲ್ಲ.

ಅಳತೆ ತೆಗೆಯಲು ಟೈಲರ್ ಟೇಪ್ ಸಾಕು. ಕುತ್ತಿಗೆ ಭುಜಕ್ಕೆ ಸೇರುವಲ್ಲಿ ಒಂದು ಸುತ್ತು, ಮುಂಗಾಲಿನ ಹಿಂದೆ ಎದೆಯ ಸುತ್ತ ಇನ್ನೊಂದು. ತೊಡಿಸಿದ ಮೇಲೆ ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ಚಪ್ಪಟೆಯಾಗಿ ಹೋಗಬೇಕು. ಎರಡು ಬೆರಳು ಸುಲಭವಾಗಿ ತಿರುಗಾಡುತ್ತಿದ್ದರೆ ಸಡಿಲ.

ಈಗ ಪರೀಕ್ಷೆ. ಇದು ಹಾರ್ನೆಸ್ ಅಭ್ಯಾಸವಾದ ಮೇಲೆ, ಮನೆಯ ಬಾಗಿಲು ಕಿಟಕಿ ಮುಚ್ಚಿ ಮಾಡುವಂಥದ್ದು. ಬೆಕ್ಕಿನ ಎದುರು ನೆಲದ ಮೇಲೆ ಕೂತು, ಲೀಶನ್ನು ಅದರ ತಲೆಯ ಮಟ್ಟದಲ್ಲಿ ಹಿಡಿದು, ನಿಮ್ಮ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಜಗ್ಗಬೇಡಿ, ಹಾಗೇ ಹಿಡಿದಿರಿ. ಬೆಕ್ಕು ಹಿಂದೆ ಸರಿಯುತ್ತದೆ. ಎರಡು ಜಾಗ ನೋಡಿ: ಕುತ್ತಿಗೆಯ ಬಳೆ ಕಿವಿಯ ಬುಡಕ್ಕೆ ಏರುತ್ತಿದೆಯೇ, ಎದೆಪಟ್ಟಿ ಮೊಣಕೈ ಮೇಲೆ ಹತ್ತುತ್ತಿದೆಯೇ. ಯಾವುದೇ ಒಂದು ಆದರೂ ಕೂಡಲೇ ಬಿಟ್ಟು, ಟ್ರೀಟ್ ಕೊಟ್ಟು, ಅಳತೆ ಮತ್ತೆ ಹೊಂದಿಸಿ. ಹೊಂದದಿದ್ದರೆ ಆ ಹಾರ್ನೆಸ್ ನಿಮ್ಮ ಬೆಕ್ಕಿನದಲ್ಲ. ಶಸ್ತ್ರಚಿಕಿತ್ಸೆ ಏನಾದರೂ ಆದ ಮೇಲೆ, ಕಾಯಿಲೆ ಬಿದ್ದು ಇಳಿದ ಮೇಲೆ, ಮರಿಯಾಗಿದ್ದರೆ ವಾರಕ್ಕೊಮ್ಮೆ ಈ ಪರೀಕ್ಷೆ ಮರುಕಳಿಸಬೇಕು.

ಲೀಶ್ ಒಂದೂವರೆಯಿಂದ ಎರಡು ಮೀಟರ್ ಸಾಕು, ಹಗುರವಾಗಿರಲಿ, ಕೊಂಡಿ ಪುಟ್ಟದಿರಲಿ. ಮಧ್ಯೆ ಒಂದಿಷ್ಟು ಎಲಾಸ್ಟಿಕ್ ಇದ್ದರೆ ಬೆಕ್ಕು ಚಿಮ್ಮಿದಾಗ ಏಟು ಕಡಿಮೆ. ಗುಂಡಿ ಒತ್ತಿದರೆ ಸುರುಳಿ ಬಿಚ್ಚಿಕೊಳ್ಳುವ ಲೀಶ್ ಬೇಡ. ಅದರ ಪ್ಲಾಸ್ಟಿಕ್ ಹಿಡಿ ಕೈಜಾರಿ ಬಿತ್ತೆಂದರೆ, ಟರಟರ ಸದ್ದು ಮಾಡುತ್ತಾ ಬೆಕ್ಕಿನ ಬೆನ್ನಟ್ಟುತ್ತದೆ. ಬೆಕ್ಕು ಓಡಿದಷ್ಟೂ ಅದು ಹಿಂದೆ, ಅದು ಬಂದಷ್ಟೂ ಬೆಕ್ಕು ಮುಂದೆ.

ಮನೆಯೊಳಗಿನ ಪಾಠ

ಇದಕ್ಕೆ ಎರಡು ವಾರವೂ ಸಾಕಾಗಬಹುದು, ಎರಡು ತಿಂಗಳೂ ಬೇಕಾಗಬಹುದು. ಕ್ಯಾಲೆಂಡರ್ ನೋಡಬೇಡಿ, ಬೆಕ್ಕಿನ ಬಾಲ ನೋಡಿ.

ಮೊದಲು ಹಾರ್ನೆಸ್ ಊಟದ ತಟ್ಟೆಯ ಪಕ್ಕ ಸುಮ್ಮನೆ ಬಿದ್ದಿರಲಿ. ಬೆಕ್ಕು ಮಲಗುವ ಬಟ್ಟೆಯಲ್ಲಿ ಸುತ್ತಿಟ್ಟರೆ ಅಂಗಡಿಯ ವಾಸನೆ ಹೋಗಿ ಮನೆಯ ವಾಸನೆ ಹಿಡಿಯುತ್ತದೆ. ವೆಲ್ಕ್ರೋ ಇದ್ದರೆ ಅದರ ‘ಚರ್‌’ ಸದ್ದಿಗೇ ಬೇರೆ ಪಾಠ ಬೇಕು: ಪಕ್ಕದ ಕೋಣೆಯಲ್ಲಿ ನಿಂತು ಕಿತ್ತು ಸದ್ದು ಮಾಡಿ, ಬೆಕ್ಕಿಗೆ ತಿಂಡಿ ಹಾಕಿ, ದಿನೇದಿನೇ ಹತ್ತಿರ ಬನ್ನಿ. ಕಿವಿಯ ಪಕ್ಕದಲ್ಲೇ ಆ ಸದ್ದು ಮೊದಲ ಸಲ ಕೇಳಿದ ಬೆಕ್ಕು ಹಾರ್ನೆಸ್ ಕಂಡರೇ ಅಟ್ಟ ಹತ್ತುತ್ತದೆ.

ಮುಂದೆ, ಕುತ್ತಿಗೆಯ ಬಳೆಯ ಆಚೆಬದಿಗೆ ಟ್ರೀಟ್ ಹಿಡಿದು, ಬೆಕ್ಕೇ ತಲೆ ತೂರಿಸುವಂತೆ ಮಾಡಿ. ನೀವು ತಲೆಗೆ ತುರುಕಬೇಡಿ. ಇದೊಂದು ಸಣ್ಣ ವ್ಯತ್ಯಾಸದ ಮೇಲೆ ಇಡೀ ಅಭ್ಯಾಸ ನಿಂತಿದೆ. ತಾನೇ ತಲೆ ತೂರಿಸಿದ ಬೆಕ್ಕು ನಾಳೆ ಹಾರ್ನೆಸ್ ತೆಗೆದ ಸದ್ದಿಗೆ ಓಡಿಬರುತ್ತದೆ. ಬೇಯಿಸಿದ ಕೋಳಿಯ ಚೂರು, ಉಪ್ಪಿಲ್ಲದ ಮೀನು, ನೆಕ್ಕುವ ಟ್ಯೂಬ್ ಟ್ರೀಟ್, ನಿಮ್ಮದು ಯಾವುದಕ್ಕೆ ಸೋಲುತ್ತದೋ ಅದನ್ನು ಈ ಕೆಲಸಕ್ಕೆಂದೇ ಎತ್ತಿಡಿ, ಬೇರೆ ಹೊತ್ತಿನಲ್ಲಿ ಕೊಡಬೇಡಿ.

ಬಕಲ್ ಹಾಕಿದ ಮೊದಲ ದಿನ ಅನೇಕ ಬೆಕ್ಕುಗಳು ಕಡಿದ ಮರದ ಹಾಗೆ ಪಕ್ಕಕ್ಕೆ ಉರುಳುತ್ತವೆ. ಕೆಲವು ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತವೆ, ಹಿಂಗಾಲೇ ಇಲ್ಲವೇನೋ ಎನ್ನುವ ಹಾಗೆ. ನಮ್ಮ ಬೂದುಪಟ್ಟೆಯ ನಾಡಬೆಕ್ಕು ಅಡುಗೆಮನೆಯ ಹೊಸ್ತಿಲ ಮೇಲೆ ಅಡ್ಡಡ್ಡ ಬಿದ್ದು, ದಾಟಿ ಹೋಗುವವರನ್ನೆಲ್ಲ ಒಂದೇ ಕಣ್ಣಲ್ಲಿ ನೋಡುತ್ತಿತ್ತು. ನೋವಿಲ್ಲ, ನಾಟಕವೂ ಅಲ್ಲ. ಮೈಮೇಲೆ ಎಲ್ಲೆಡೆ ಒತ್ತಡ ಬಿದ್ದಾಗ ಅದಕ್ಕೆ ತೋಚುವುದೇ ಹಾಗೆ. ಎಬ್ಬಿಸಲು ಹೋಗಬೇಡಿ, ಎಳೆಯಬೇಡಿ. ಒಂದು ದಾರಕ್ಕೆ ಗರಿ ಕಟ್ಟಿ ಮೂಗಿನ ಮುಂದೆ ಹರಿದಾಡಿಸಿ. ಆಟದ ಆಸೆಗೆ ಒಂದು ಹೆಜ್ಜೆ ಇಟ್ಟಿತೇ, ಅಷ್ಟು ಸಾಕು, ಬಿಚ್ಚಿಬಿಡಿ. ಬೇಜಾರಾಗಿ ತೆಗೆಸಿಕೊಳ್ಳುವ ಮೊದಲೇ ತೆಗೆಯುವುದು ಇದರ ಗುಟ್ಟು.

ಹಾರ್ನೆಸ್ ತೊಟ್ಟೇ ಊಟ, ಆಟ, ಹಾರಾಟ ಎಲ್ಲ ಸಲೀಸಾದ ಮೇಲೆ ಲೀಶ್ ಸಿಕ್ಕಿಸಿ. ನೀವು ಕಣ್ಣಿಟ್ಟಿರುವಾಗ ಮಾತ್ರ ಅದನ್ನು ಎಳೆದುಕೊಂಡು ಓಡಾಡಲಿ, ಕುರ್ಚಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸಿ. ಆಮೇಲೆ ತುದಿ ಹಿಡಿದು ಅದು ಹೋದಲ್ಲಿ ನೀವೂ ಹೋಗಿ. ಕೊನೆಗೆ ಎರಡು ಪಾಠ: ಲೀಶ್ ಬಿಗಿಯಾದರೆ ನೀವು ನಿಲ್ಲುತ್ತೀರಿ, ಸಡಿಲವಾದ ಕ್ಷಣ ಟ್ರೀಟ್. ಹೆಸರು ಕರೆದರೆ ಬರಬೇಕು, ಬಂದರೆ ಇನ್ನೂ ದೊಡ್ಡ ಟ್ರೀಟ್. ಬೆಕ್ಕಿಗೆ ಕಲಿಸಲಾಗದು ಎನ್ನುವವರು ಫ್ರಿಜ್ ಬಾಗಿಲ ಸದ್ದಿಗೆ ಅದು ಎಷ್ಟು ಬೇಗ ಹಾಜರಾಗುತ್ತದೆಂದು ನೋಡಿಲ್ಲ.

ಕ್ಯಾರಿಯರ್ ಇಲ್ಲದೆ ಹೊರಗಿಲ್ಲ

ಹಾರ್ನೆಸ್‌ನಷ್ಟೇ ಮುಖ್ಯವಾದದ್ದು ಬೆಕ್ಕನ್ನು ಕೂರಿಸಿ ಒಯ್ಯುವ ಈ ಪೆಟ್ಟಿಗೆ, ಆದರೂ ಜನ ಬಿಟ್ಟುಬಿಡುವುದು ಇದನ್ನೇ. ಬೆದರಿದ ಬೆಕ್ಕು ನಿಮ್ಮ ತೋಳಿಗೆ ಬರುವುದಿಲ್ಲ, ಕತ್ತಲೆಯ ಕಿರಿದಾದ ಸಂದಿ ಹುಡುಕುತ್ತದೆ. ಕ್ಯಾರಿಯರ್ ಜೊತೆಗಿಲ್ಲದಿದ್ದರೆ ಆ ಸಂದಿ ಕಾರಿನ ಬಾನೆಟ್ ಒಳಗೋ ಚರಂಡಿಯ ಕಲ್ಲಿನ ಕೆಳಗೋ ಆಗಿರುತ್ತದೆ.

ಆದ್ದರಿಂದ ಕ್ಯಾರಿಯರ್ ಅಥವಾ ಬೆನ್ನಚೀಲ ಮನೆಯಲ್ಲಿ ವರ್ಷವಿಡೀ ಬಾಯಿ ತೆರೆದುಕೊಂಡೇ ಇರಲಿ, ಒಳಗೆ ಹಳೆಯ ಹತ್ತಿಸೀರೆಯ ಮಡಿಕೆ ಇರಲಿ. ಡಾಕ್ಟರ ಬಳಿ ಹೋಗುವ ದಿನ ಮಾತ್ರ ಅಟ್ಟದಿಂದ ಇಳಿಯುವ ಪೆಟ್ಟಿಗೆ ಬೆಕ್ಕಿನ ಪಾಲಿಗೆ ಜೈಲು. ದಿನಾ ಒಂದು ಹೊತ್ತಿನ ಊಟ ಅದರೊಳಗೇ ಹಾಕಿ. ‘ಒಳಗೆ’ ಎಂದೋ ನಿಮಗಿಷ್ಟದ ಇನ್ನೊಂದು ಮಾತೋ ಹೇಳಿ, ಟ್ರೀಟ್ ಒಳಗೆಸೆದು, ಓಡಿಹೋಗಿ ಕೂರುವುದನ್ನು ರೂಢಿಸಿ. ಹೊರಗೆ ಹೋದಾಗ ಕ್ಯಾರಿಯರ್ ಲೀಶ್‌ನ ಅಳತೆಯೊಳಗೇ, ಬಾಯಿ ಬೆಕ್ಕಿನ ಕಡೆಗಿರುವಂತೆ ನೆಲದ ಮೇಲಿರಬೇಕು.

ಇದರಿಂದ ಇನ್ನೊಂದು ಲಾಭವಿದೆ. ಹೊರಗಿನ ರುಚಿ ಹತ್ತಿದ ಬೆಕ್ಕುಗಳು ಬಾಗಿಲ ಬಳಿ ಕೂತು ಊಳಿಡಲು, ನುಸುಳಲು ಶುರುಮಾಡುತ್ತವೆ. ಹಾರ್ನೆಸ್ಸನ್ನು ಬಾಗಿಲ ಹತ್ತಿರ ಎಂದೂ ತೊಡಿಸದೆ ಒಳಗಿನ ಕೋಣೆಯಲ್ಲಿ ತೊಡಿಸಿ, ಕ್ಯಾರಿಯರ್‌ನಲ್ಲಿ ಕೂರಿಸಿಯೇ ಹೊಸ್ತಿಲು ದಾಟಿಸಿ. ತನ್ನ ಕಾಲ ಮೇಲೆ ಆ ಬಾಗಿಲು ದಾಟಲಾಗದು ಎಂಬುದು ಬೆಕ್ಕಿನ ತಲೆಯಲ್ಲಿ ಕೂರಬೇಕು. ಊಳಿಟ್ಟಾಗ ಕರೆದೊಯ್ದಿರೋ, ಕೆಟ್ಟಿರಿ. ಹೊತ್ತು ನಿಗದಿಯಾಗಿರಲಿ, ಅತ್ತಾಗ ಬಾಗಿಲು ತೆರೆಯಬಾರದು.

ಎಲ್ಲಿಗೆ, ಯಾವ ಹೊತ್ತಿಗೆ

2023ರಲ್ಲಿ ಬಿಬಿಎಂಪಿ ಮಾಡಿಸಿದ ಸಮೀಕ್ಷೆ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆಯನ್ನು ಸುಮಾರು 2.79 ಲಕ್ಷ ಎಂದು ಅಂದಾಜಿಸಿತು. ಬೇರೆ ದೇಶದ ವಿಡಿಯೊಗಳಲ್ಲಿ ಬೆಕ್ಕು ಫುಟ್‌ಪಾತ್ ಮೇಲೆ ಗತ್ತಿನಿಂದ ನಡೆಯುವುದನ್ನು ನೋಡಿ ನಮ್ಮ ರಸ್ತೆಗೆ ಇಳಿಸುವುದು ಮೂರ್ಖತನ. ಇಲ್ಲಿ ಬೆಕ್ಕಿನ ವಾಕಿಂಗ್ ಎಂದರೆ ಕಾಂಪೌಂಡಿನ ಒಳಗೆ, ಗೇಟು ಹಾಕಿದ ಅಂಗಳದಲ್ಲಿ, ಹಿತ್ತಲಲ್ಲಿ. ಪಾರ್ಕಿಗೆ ಹೋಗುವ ಆಸೆಯಿದ್ದರೆ ಪ್ರಾಣಿಗಳಿಗೆ ಪ್ರವೇಶವಿದೆಯೇ ಎಂದು ಬೋರ್ಡ್ ನೋಡಿ, ಅನೇಕ ಕಡೆ ಇರುವುದಿಲ್ಲ.

ತಾರಸಿ ಸುರಕ್ಷಿತವೆಂದು ಅನ್ನಿಸುತ್ತದೆ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಪ್ಯಾರಾಪೆಟ್ ಮೇಲೆ ಪಾರಿವಾಳ ಕೂತರೆ ಬೆಕ್ಕು ಹಾರುವುದಕ್ಕೆ ಎರಡು ಮೀಟರ್ ಲೀಶ್ ಧಾರಾಳ ಸಾಕು, ಆಮೇಲೆ ಅದು ಗೋಡೆಯಾಚೆ ನೇತಾಡುತ್ತದೆ. ಹೋಗಲೇಬೇಕಿದ್ದರೆ ನಡುಭಾಗದಲ್ಲೇ ಇರಿ. ನೆಲದ ಬಿಸಿಯನ್ನೂ ನೋಡಿ: ಮುಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ಊರಿ ಹಿಡಿಯಲಾಗದಿದ್ದರೆ ಬೆಕ್ಕಿನ ಪಾದಕ್ಕೂ ಆಗದು.

ಹೊತ್ತು ನಿಮ್ಮ ಕಾಂಪೌಂಡನ್ನು ಗಮನಿಸಿ ಆರಿಸಬೇಕು. ಬೆಳಗ್ಗೆ ಆರಕ್ಕೆ ನಾಯಿ ಕರೆತರುವವರ ಹೊತ್ತು, ಏಳೂವರೆಗೆ ಸ್ಕೂಲ್ ವ್ಯಾನು, ಸಂಜೆ ಐದಕ್ಕೆ ಮಕ್ಕಳ ಕ್ರಿಕೆಟ್. ಒಂಬತ್ತರ ಸುಮಾರಿಗೆ ಇಳಿಸಿದರೆ ನಮ್ಮಲ್ಲಿ ಇನ್ನೊಂದು ತಾಪತ್ರಯ: ಆಫೀಸಿಗೆ ಹೊರಟವರ ಮುಂದೆ ಬೆಕ್ಕು ಅಡ್ಡ ಬಂದು, ಅವರು ಸ್ಕೂಟರ್ ನಿಲ್ಲಿಸಿ ನಿಮ್ಮನ್ನು ದುರುಗುಟ್ಟಿ ನೋಡುವುದು. ವಾದ ಮಾಡಿ ಗೆಲ್ಲಬಹುದು, ಆದರೆ ನೆರೆಹೊರೆಯ ಸ್ನೇಹ ಬೇಕಾದವರು ಹತ್ತೂವರೆಗೆ ಇಳಿಯಲಿ. ದೀಪಾವಳಿ, ಗಣೇಶನ ಮೆರವಣಿಗೆಯ ದಿನಗಳಲ್ಲಿ ಮನೆಯಲ್ಲೇ ಇರಲಿ. ಮಲೆನಾಡಿನ ಒಂಟಿಮನೆಗಳಲ್ಲಿ, ಕಾಡಂಚಿನ ಬಡಾವಣೆಗಳಲ್ಲಿ ಮುಸ್ಸಂಜೆ, ಮುಂಜಾವ ಎರಡೂ ಬೇಡ, ಚಿರತೆಯ ಓಡಾಟದ ಹೊತ್ತು ಅದು.

ಹೊರದೇಶದ ಕನ್ನಡಿಗರಿಗೆ ಕೆಲವೆಡೆ ಲೀಶ್ ಎಂಬುದು ಕಾನೂನಿನ ಮಾತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದ ಬೆಕ್ಕುಗಳನ್ನು ಮಾಲೀಕರ ಆವರಣದಲ್ಲೇ ಇಟ್ಟುಕೊಳ್ಳಬೇಕು, ಹೊರಗೆ ಬಂದರೆ ಲೀಶ್ ಬೇಕು. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳಿಗೆ ಎಸ್‌ಎಪಿ ಕಂಪನಿಯ ಊರೆಂದೇ ಪರಿಚಿತವಾದ ಜರ್ಮನಿಯ ವಾಲ್‌ಡಾರ್ಫ್‌ನಲ್ಲಿ, ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ಬಾನಾಡಿಯೊಂದನ್ನು ಉಳಿಸಲೆಂದು 2022ರಲ್ಲಿ ಊರಿನ ಒಂದು ಭಾಗದ ಬೆಕ್ಕುಗಳನ್ನು ಆ ಹಕ್ಕಿ ಮರಿ ಮಾಡುವ ತಿಂಗಳುಗಳಲ್ಲಿ ಮನೆಯೊಳಗಿಡಬೇಕೆಂದು ಆದೇಶವಾಯಿತು. ಲೀಶ್ ಹಾಕಿದ ಬೆಕ್ಕಿಗೆ ವಿನಾಯಿತಿಯಿತ್ತು.

ಮೊದಲ ದಿನ

ಗೋಡೆ ಬೆನ್ನಿಗಿರುವ ಒಂದು ಮೂಲೆ ಹುಡುಕಿ, ಕ್ಯಾರಿಯರ್ ಇಟ್ಟು ಬಾಯಿ ತೆರೆದು, ನೀವು ಪಕ್ಕದಲ್ಲಿ ಕೂತುಬಿಡಿ. ಅಷ್ಟೇ. ಬೆಕ್ಕು ಒಳಗಿನಿಂದ ಮೂಗು ಮಾತ್ರ ಹೊರಹಾಕಿ ಐದು ನಿಮಿಷ ಗಾಳಿ ಮೂಸಿ ವಾಪಸಾದರೆ ಆ ದಿನ ಯಶಸ್ವಿ. ಲೀಶ್‌ನ ಕುಣಿಕೆಗೆ ಮಣಿಕಟ್ಟು ತೂರಿಸಿ, ಅದೇ ಅಂಗೈಯಲ್ಲಿ ಹಿಡಿಯಿರಿ. ಬೆರಳಿಗೆ ಸುತ್ತಿಕೊಳ್ಳಬೇಡಿ, ಹಠಾತ್ ಎಳೆದರೆ ಬೆರಳೇ ಮುರಿಯಬಹುದು. ಮೊಬೈಲ್ ಜೇಬಿನಲ್ಲಿರಲಿ. ಲೀಶನ್ನು ಕಂಬಕ್ಕೆ ಕಟ್ಟಿ ‘ಒಂದೇ ನಿಮಿಷ’ ಎಂದು ಹೋಗುವುದಂತೂ ಇಲ್ಲವೇ ಇಲ್ಲ.

ಬಾಲ ಮೇಲಕ್ಕೆತ್ತಿ ತುದಿ ಕೊಕ್ಕೆಯಾಗಿದ್ದರೆ ಖುಷಿ. ಮೈ ತಗ್ಗಿಸಿ, ಕಣ್ಣುಪಾಪೆ ಅಗಲವಾಗಿ, ಕಿವಿ ಪಕ್ಕಕ್ಕೆ ತಿರುಗಿ, ಟ್ರೀಟನ್ನೂ ಮೂಸದಿದ್ದರೆ ಸಾಕೆಂದು ಅರ್ಥ. ಇವುಗಳಲ್ಲಿ ಕೊನೆಯದೇ ಹೆಚ್ಚು ನಂಬಬಹುದಾದ ಗುರುತು. ಮನೆಯಲ್ಲಿ ಕೋಳಿಚೂರಿಗೆ ಜೀವ ಬಿಡುವ ಬೆಕ್ಕು ಹೊರಗೆ ಅದನ್ನು ಕಣ್ಣೆತ್ತಿ ನೋಡದಿದ್ದರೆ ಒಳಗೆ ಹೆದರಿಕೆ ತುಂಬಿದೆ, ಮನೆಗೆ ಹೊರಡಿ.

ದಿನ ಕಳೆದಂತೆ ಅದು ಮುಂದೆ, ನೀವು ಹಿಂದೆ. ಮರ ಹತ್ತಲು ಹೊರಟರೆ ನಿಮ್ಮ ಎದೆಯ ಎತ್ತರದಲ್ಲೇ ತಡೆಯಿರಿ. ಬೆಕ್ಕಿನ ಉಗುರು ಹಿಂದಕ್ಕೆ ಬಾಗಿರುವುದರಿಂದ ಹತ್ತುವುದು ಸಲೀಸು, ತಲೆಕೆಳಗಾಗಿ ಇಳಿಯಲು ಬಾರದು, ಕೊಂಬೆಗೆ ಲೀಶ್ ಸುತ್ತಿಕೊಂಡರೆ ಅಗ್ನಿಶಾಮಕದವರೇ ಬರಬೇಕು.

ನೆಲದ ಮಟ್ಟದಲ್ಲಿ ಏನಿದೆ ನೋಡಿ

ನಮ್ಮ ಕಣ್ಣಿಗೆ ಬೀಳದ, ಬೆಕ್ಕಿನ ನಾಲಿಗೆಗೆ ಬೀಳುವ ಅಪಾಯಗಳು ಇವು. ಕಾರಿಡಾರ್ ಒರೆಸಿದ ಫಿನಾಯಿಲ್ ಮೊದಲನೆಯದು. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪಾದಕ್ಕೆ ಹತ್ತಿದ್ದನ್ನು ನೆಕ್ಕಿಕೊಂಡೇ ಅದು ವಿಷ ತಿನ್ನುತ್ತದೆ. ನೆಲ ಒಣಗದೆ ಇಳಿಸಬೇಡಿ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಳಿ ಇಲಿಪಾಷಾಣ ಎಲ್ಲಿಟ್ಟಿದ್ದಾರೆ, ಹುಲ್ಲಿಗೆ ಕಳೆನಾಶಕ ಯಾವತ್ತು ಹೊಡೆಯುತ್ತಾರೆ, ಫಾಗಿಂಗ್ ಯಾವಾಗ ಎಂದು ಕೇಳಿಟ್ಟುಕೊಳ್ಳಿ.

ಗಿಡಗಳಲ್ಲಿ ಕಣಗಿಲೆ, ಉಮ್ಮತ್ತಿ, ಅಲಂಕಾರಕ್ಕೆ ನೆಡುವ ಸೈಕಾಸ್, ಡೈಫೆನ್‌ಬೇಕಿಯಾ ಇವುಗಳ ಹತ್ತಿರ ಬಿಡಬೇಡಿ. ಲಿಲ್ಲಿ, ಡೇ ಲಿಲ್ಲಿಗಳ ಪರಾಗ ಮೈಗೆ ಹತ್ತಿ ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಟ್ಟುಹೋಗುತ್ತದೆ. ಗರಿಕೆ ಹುಲ್ಲು ಮೆಲ್ಲಿದರೆ ತೊಂದರೆಯಿಲ್ಲ, ಔಷಧ ಹೊಡೆದಿರಬಾರದಷ್ಟೇ. ಮಳೆಗಾಲದಲ್ಲಿ ಗೋದರಕಪ್ಪೆ ಕಚ್ಚಿ ಜೊಲ್ಲು ಸುರಿಸಲು ಶುರುಮಾಡಿದರೆ ಒದ್ದೆಬಟ್ಟೆಯಿಂದ ಬಾಯಿ ಒರೆಸುತ್ತಾ ವೈದ್ಯರ ಬಳಿ ಹೊರಡಿ. ಎಲೆರಾಶಿ, ಇಟ್ಟಿಗೆಯ ಗುಡ್ಡೆ, ಪೊದೆಯ ಬುಡದೊಳಗೆ ಮೂತಿ ತೂರಿಸಲು ಬಿಡಬೇಡಿ. ಕೊಳಕುಮಂಡಲ ಮಲಗುವುದು ಅಂಥ ಕಡೆಯೇ.

ನಾಯಿ ಬಂದಾಗ ಕೈ ಏನು ಮಾಡಬೇಕು

ಎತ್ತಿ ಎದೆಗೆ ಅಪ್ಪಿಕೊಳ್ಳುವುದು ಎಲ್ಲರಿಗೂ ತೋಚುವ ಉಪಾಯ, ಅದೇ ಅಪಾಯಕಾರಿ. ಬಾಲ ಸುಟ್ಟ ಬೆಕ್ಕಿಗೆ ನಿಮ್ಮ ಮುಖ, ಕುತ್ತಿಗೆ, ತಲೆ ಎಲ್ಲ ಹತ್ತುವ ಮರ. ಓಡಲೂಬೇಡಿ, ಓಡಿದರೆ ನಾಯಿ ಅಟ್ಟಿಸಿಕೊಂಡು ಬರುತ್ತದೆ. ಬೆಕ್ಕಿಗೂ ನಾಯಿಗೂ ನಡುವೆ ನಿಲ್ಲಿ, ಕ್ಯಾರಿಯರನ್ನು ಕಾಲಿನಿಂದ ಬೆಕ್ಕಿನ ಮುಂದಕ್ಕೆ ಸರಿಸಿ, ‘ಒಳಗೆ’ ಎನ್ನಿ. ರೂಢಿಯಾದ ಬೆಕ್ಕು ನೀವು ಹೇಳುವ ಮೊದಲೇ ಒಳಗಿರುತ್ತದೆ. ಝಿಪ್ ಎಳೆದು ಎತ್ತಿಕೊಳ್ಳಿ. ಒಳಗೆ ಹೋಗದಿದ್ದರೆ ದಪ್ಪ ಟವೆಲ್ ಮೇಲೆ ಹಾಕಿ, ತಲೆಯೂ ಮುಚ್ಚುವಂತೆ ಸುತ್ತಿ, ಕಟ್ಟಿನ ಹಾಗೆ ಎತ್ತಿ. ಟವೆಲ್ ಯಾವಾಗಲೂ ಹೆಗಲ ಮೇಲಿರಲಿ, ಚೀಲದ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.

ಛತ್ರಿಯೂ ಒಳ್ಳೆಯ ಸಾಧನ. ನಾಯಿಯ ಮುಖಕ್ಕೆ ಎದುರಾಗಿ ಪಟ್ಟನೆ ಬಿಚ್ಚಿದರೆ ಬಹಳಷ್ಟು ನಾಯಿಗಳು ಹಿಂದೆ ಸರಿಯುತ್ತವೆ, ಬೆಕ್ಕೂ ಕಣ್ಣಿಗೆ ಕಾಣದಾಗುತ್ತದೆ. ಆದರೆ ಆ ‘ಫಟ್’ ಸದ್ದಿಗೆ ಬೆಕ್ಕನ್ನು ಮನೆಯಲ್ಲೇ ಮೊದಲು ಒಗ್ಗಿಸಿರಬೇಕು.

ಕಚ್ಚಿಸಿಕೊಂಡರೆ, ಪರಚಿಸಿಕೊಂಡರೆ, ಅದು ಸ್ವಂತ ಬೆಕ್ಕೇ ಆಗಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲಿನ ಗಾಯ ಮೇಲೆ ಚುಕ್ಕೆಯಷ್ಟೇ ಕಂಡರೂ ಆಳವಾಗಿ ಇಳಿದು ಕೀವಾಗುತ್ತದೆ, ರೇಬೀಸ್ ಚುಚ್ಚುಮದ್ದಿನ ನಿರ್ಧಾರವೂ ವೈದ್ಯರದ್ದೇ. ಬೆಕ್ಕಿಗೆ ನಾಯಿಯ ಹಲ್ಲು ತಾಗಿದ್ದರೆ ರಕ್ತ ಕಾಣದಿದ್ದರೂ ತೋರಿಸಿ. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟೀರಿ ಜೋಕೆ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಕೈತಪ್ಪಿ ಹೋದರೆ

ಹಿಂದೆ ಓಡಬೇಡಿ. ನಿಂತಲ್ಲೇ ಕೂತು ಯಾವ ದಿಕ್ಕಿಗೆ ಹೋಯಿತೆಂದು ಕಣ್ಣಿಡಿ, ಗದ್ದಲ ಮಾಡುವವರನ್ನು ದೂರವಿಡಿ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಅದರಲ್ಲೂ ಮನೆಬೆಕ್ಕು ಬಹುಮಟ್ಟಿಗೆ ಹತ್ತಿರದ ಮೊದಲ ಸಂದಿಯಲ್ಲೇ ಉಸಿರು ಬಿಗಿಹಿಡಿದು ಕೂತಿರುತ್ತದೆ, ಹೆಸರು ಕರೆದರೂ ಓಗೊಡುವುದಿಲ್ಲ. ಕಾರಿನ ಬಾನೆಟ್, ಜನರೇಟರ್ ಕೋಣೆ, ಬೇಸ್‌ಮೆಂಟಿನ ಪೈಪಿನ ಮೇಲೆ, ಮೆಟ್ಟಿಲ ಕೆಳಗೆ ನೋಡಿ. ರಾತ್ರಿ ಹನ್ನೊಂದರ ಮೇಲೆ, ಸದ್ದಡಗಿದಾಗ, ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಹುಡುಕಿ, ಕಣ್ಣು ಹೊಳೆಯುತ್ತದೆ. ಕ್ಯಾರಿಯರನ್ನು ಒಳಗೆ ಊಟವಿಟ್ಟು ಅಲ್ಲೇ ಬಿಡಿ. ಸೆಕ್ಯೂರಿಟಿಯವರಿಗೆ, ಹಾಲಿನವರಿಗೆ ಫೋಟೊ ತೋರಿಸಿ, ನಸುಕಿನಲ್ಲಿ ಎಲ್ಲ ನೋಡುವವರು ಅವರೇ.

ವಾಪಸ್ ಬಂದ ಮೇಲೆ, ಮತ್ತು ಬೇಡವೆಂದರೆ

ಪಾದಗಳನ್ನು ಒದ್ದೆಬಟ್ಟೆಯಿಂದ ಒರೆಸಿ. ಕಿವಿಯ ಹಿಂದೆ, ಗಲ್ಲದ ಕೆಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯೇ ಎಂದು ತಡವಿ ನೋಡಿ. ಹಿತ್ತಲಲ್ಲಿ ಓಡಾಡಿದ್ದರೆ ಹೊಟ್ಟೆಯ ಕೂದಲಿಗೆ ಉತ್ತರಾಣಿಯ ಕಾಳು ಕಚ್ಚಿಕೊಂಡಿರುತ್ತದೆ, ಬಿಡಿಸದಿದ್ದರೆ ಚರ್ಮಕ್ಕೆ ಚುಚ್ಚಿ ಹುಣ್ಣಾಗುತ್ತದೆ. ಹಾರ್ನೆಸ್ ಕೂಡಲೇ ಬಿಚ್ಚಿ, ಊಟ ಹಾಕಿ. ತಿರುಗಾಟ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಇದು ಬೆಕ್ಕಿನ ಸಹಜ ಕ್ರಮ. ಮನೆಗೆ ಮರಳುವುದೂ ಆಗ ಅದಕ್ಕೆ ಇಷ್ಟವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹಾರ್ನೆಸ್ ಕಂಡರೆ ಓಡುವ ಬೆಕ್ಕುಗಳಿವೆ. ಅವಕ್ಕೆ ಬಾಲ್ಕನಿಗೆ ಜಾಲರಿ ಹಾಕಿಸಿಕೊಡಿ. ಪಾರಿವಾಳ ತಡೆಯಲು ಹಾಕುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ತುಂಡರಿಸುತ್ತದೆ, ಹಾಗಾಗಿ ಸ್ಟೀಲಿನ ಎಳೆಯಿರುವ ಜಾಲರಿ ಕೇಳಿ, ಕಂಡಿ ಮೂರು ನಾಲ್ಕು ಸೆಂಟಿಮೀಟರ್ ಮೀರದಿರಲಿ. ಕೊಕ್ಕೆಗಳನ್ನು ಮೇಲೆ, ಪಕ್ಕದಲ್ಲಿ ಮಾತ್ರವಲ್ಲ, ಕೆಳಅಂಚಿನಲ್ಲೂ ಹಾಕಿಸಿ. ಕೆಲಸದವರು ಅಲ್ಲಿ ಬಿಡುವ ಅಂಗೈಯಗಲದ ಸಂದಿಯನ್ನೇ ಬೆಕ್ಕು ಮೊದಲು ಹುಡುಕುವುದು.